ವೈದ್ಯರ ಕಾಯಕವೂ ಪಾಳಿಯ ಪದ್ಧತಿಯೂ

(ಶ್ರೀಮಠದ ವಜ್ರಮಹೋತ್ಸವದ ಮೂರನೆಯ ದಿನದ ಅನುಭವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಮಹನೀಯರೇ, ಅಷ್ಟಾವರಣ, ಪಂಚಾಚಾರ, ಷಟ್‌ಸ್ಥಲಗಳನ್ನು ಕುರಿತು ಮೊನ್ನೆಯೂ ನಿನ್ನೆಯೂ ವಿದ್ವಾಂಸರು ಮಾಡಿದ ಉಪನ್ಯಾಸಗಳನ್ನು ತಾವು ಕೇಳಿದ್ದೀರಿ. ಇಂದು ನನ್ನ ಪಾಲಿಗೆ ಬಂದಿರುವುದು ಅಂತಹ ವಿಷಯವಲ್ಲ. ಶ್ರೀಮಠದ ಆಶ್ರಯದಲ್ಲಿ ನಡೆಯುವ ಆಸ್ಪತ್ರೆಯಲ್ಲಿ ಕಿರಿಯ ವೈದ್ಯರು ಎಷ್ಟು ಹೊತ್ತು ಎಡೆಬಿಡದೆ ದುಡಿಯಬೇಕು, ಹಿಂದಿನಿಂದ ನಡೆದುಬಂದಂತೆ ಒಂದು ಹಗಲು, ಒಂದು ರಾತ್ರಿ, ಮತ್ತೊಂದು ಹಗಲು ನಿಂತೇ ಇರಬೇಕೋ, ಇಲ್ಲವೇ ಹನ್ನೆರಡು ಗಂಟೆಗೊಮ್ಮೆ ಪಾಳಿಯನ್ನು ಬದಲಾಯಿಸಬೇಕೋ ಎಂಬ ಪ್ರಶ್ನೆಯು ಆಡಳಿತ ಮಂಡಲಿಯ ಮುಂದೆ ಬಂದಿರುವುದನ್ನು ತಮ್ಮಲ್ಲಿ ಅನೇಕರು ಬಲ್ಲಿರಿ. ಮಂಡಲಿಯಲ್ಲಿ ಎರಡು ಪಕ್ಷಗಳಾಗಿವೆ. ಎರಡು ಪಕ್ಷದವರೂ ಶರಣರ ಕಾಯಕತತ್ತ್ವವೇ ತಮಗೆ ಆಧಾರವೆಂದು ಹೇಳುತ್ತಿರುವುದರಿಂದ, ಆ ತತ್ತ್ವವು ಯಾರ ಕಡೆಗೆ ನಿಲ್ಲುವುದೆಂಬುದನ್ನು ವಿಚಾರಿಸಿ ಸಭೆಗೆ ಬಿನ್ನವಿಸಬೇಕೆಂದು ಶ್ರೀಗಳವರ ಅಪ್ಪಣೆಯಾಯಿತು. ವೈದ್ಯಶಾಸ್ತ್ರದಲ್ಲಿ ನನಗೆ ಹೇಳಿಕೊಳ್ಳುವಂತಹ ಪರಿಶ್ರಮವಿಲ್ಲ. ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳ ಜೊತೆಗೆ ವಾಗ್ಭಟನ ಸೂತ್ರಸ್ಥಾನವನ್ನು ಓದಿದ್ದುಂಟು; ಅಷ್ಟೇ. ಆದಾಗ್ಯೂ ನಮ್ಮ ಆಸ್ಪತ್ರೆಯ ವೈದ್ಯರು ಒದಗಿಸಿದ ಲೇಖನಗಳನ್ನು ಮೂರು ತಿಂಗಳ ಕಾಲ ಅವರಿಂದಲೇ ಓದಿಸಿ, ತಿಳಿಯದುದನ್ನು ಮತ್ತೆ ಮತ್ತೆ ಕೇಳಿ, ಈ ಮಾತುಗಳನ್ನು ಬರೆದುಕೊಂಡಿರುವೆನು.

ಮೊದಲೇ ಒಂದು ಸಂಗತಿಯನ್ನು ಒಪ್ಪಿಕೊಂಡುಬಿಡುವುದು ಲೇಸು. ನಾನು ಪಾಳಿಯ ಪದ್ಧತಿಗೆ ವಿರೋಧಿಯಾಗಿದ್ದವನು. ಕೆಲವು ವರ್ಷಗಳ ಕೆಳಗೆ ನನ್ನ ಅಣ್ಣನವರು ಶ್ವಾಸಕೋಶದ ಬೇನೆಯಿಂದ ಒಂದು ಪಟ್ಟಣದ ಆಸ್ಪತ್ರೆಯಲ್ಲಿ ಮಲಗಿದ್ದರು. ಅಲ್ಲಿ ಪಾಳಿಯ ಪದ್ಧತಿಯಿತ್ತು. ಒಂದು ರಾತ್ರಿ ಅವರಿಗೆ ಕೊಟ್ಟ ಔಷಧವು ಒಗ್ಗದೆ, ಮೈಯೆಲ್ಲ ದದ್ದೆದ್ದು ಉಸಿರು ಕಟ್ಟುವಂತಾಯಿತು. ರಾತ್ರಿಯ ಪಾಳಿಯ ತರುಣ ವೈದ್ಯನು ಓಡಿಬಂದು, ಔಷಧವನ್ನು ನಿಲ್ಲಿಸಿ, ತಕ್ಕ ಪ್ರತಿಕ್ರಿಯೆಯನ್ನು ಮಾಡಿ, ಬೆಳಗಾಗುವವರೆಗೆ ಮಗ್ಗುಲಲ್ಲಿಯೇ ಕುಳಿತಿದ್ದನು. ಎಂಟು ಗಂಟೆಗೆ ಅವನ ಪಾಳಿ ಮುಗಿಯಿತು. ಬಾಗಿಲಲ್ಲಿ ಎದುರಾದ ಹಗಲಿನ ವೈದ್ಯನಿಗೆ ಅವನು ಏನು ಹೇಳಿದನೋ, ಇವನು ಏನು ಕೇಳಿಸಿಕೊಂಡನೋ ನನಗೆ ತಿಳಿಯದು. ಹತ್ತು ಗಂಟೆಗೆ ಅದೇ ಔಷಧವನ್ನು ಮತ್ತೆ ಕೊಟ್ಟರು. ಶಿವನ ದಯೆಯಿಂದ ಅಣ್ಣನವರು ಉಳಿದರು. ಆದರೆ ಐದು ದಿನಗಳಲ್ಲಿ ಮನೆಗೆ ಬರಬೇಕಾಗಿದ್ದವರು ಇಪ್ಪತ್ತು ದಿನ ಅಲ್ಲಿಯೇ ಮಲಗಬೇಕಾಯಿತು. ಊರಿಗೆ ಬಂದ ಮೇಲೆ ನಾನು ಕಂಡಕಂಡವರ ಮುಂದೆ, ವೈದ್ಯವೃತ್ತಿಯು ಗಿರಣಿಯ ಕೂಲಿಯಂತಾಯಿತು, ಸಿಳ್ಳು ಕೂಗಿದೊಡನೆ ರೋಗಿಯನ್ನು ನಡುನೀರಿನಲ್ಲಿ ಬಿಟ್ಟು ಹೊರಟುಹೋಗುವರು ಎಂದು ನುಡಿದೆನು. ಈ ಸಭೆಯಲ್ಲಿಯೂ ನನ್ನ ಆ ಮಾತನ್ನು ಕೇಳಿದವರಿದ್ದಾರೆ. ಅದರಲ್ಲಿ ಸತ್ಯವು ಎಷ್ಟಿತ್ತು, ಸಿಟ್ಟು ಎಷ್ಟಿತ್ತು ಎಂಬುದನ್ನು ಮುಂದೆ ನಿವೇದಿಸುವೆನು.

ಕಿರಿಯ ವೈದ್ಯರೆಂದರೆ ಯಾರೆಂಬುದನ್ನು ತಾಯಂದಿರಿಗೆ ತಿಳಿಯುವಂತೆ ಹೇಳಬೇಕು. ನಮ್ಮ ದೇಶದಲ್ಲಿ ಎಂ.ಬಿ.ಬಿ.ಎಸ್. ಪದವಿಗೆ ನಾಲ್ಕೂವರೆ ವರ್ಷದ ಓದು, ಅದರ ಮೇಲೆ ಒಂದು ವರ್ಷ ಆಸ್ಪತ್ರೆಯಲ್ಲಿ ಕೈಗೆಲಸ. ಆ ಒಂದು ವರ್ಷದವರನ್ನು ನಾವು ಹೌಸ್ ಸರ್ಜನ್ ಎನ್ನುತ್ತೇವೆ. ಬಳಿಕ ಒಂದು ಅಂಗದ ವಿದ್ಯೆಯಲ್ಲಿ ವಿಶೇಷ ಪ್ರಾವೀಣ್ಯವನ್ನು ಬಯಸುವವರು ಇನ್ನೂ ಮೂರು ವರ್ಷ ಆಸ್ಪತ್ರೆಯಲ್ಲಿಯೇ ಇದ್ದು ಕಲಿಯುವರು. ಇವರಿಗೆ ರೆಸಿಡೆಂಟ್ ಎಂದು ಹೆಸರು. ವಾಸಿಸುವವನು ಎಂದೇ ಆ ಶಬ್ದದ ಅರ್ಥ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ೧೮೮೯ನೆಯ ಇಸವಿಯಲ್ಲಿ ತೆರೆದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯನು ಈ ಶಿಕ್ಷಣಕ್ರಮವನ್ನು ಬೆಳೆಸಿದನು. ಶಿಷ್ಯರು ಆಸ್ಪತ್ರೆಯಲ್ಲಿಯೇ ವಾಸಿಸಬೇಕು, ಹಗಲಿರುಳೆನ್ನದೆ ರೋಗಿಯ ಬಳಿಯಿರಬೇಕು. ಇದು ನಮ್ಮ ಗುರುಕುಲವನ್ನೇ ಹೋಲುವುದರಿಂದ ನಮ್ಮ ಹಿರಿಯರಿಗೆ ಪ್ರಿಯವಾಗುವುದು ಸಹಜ. ಆದರೆ ಆ ಹಾಲ್‌ಸ್ಟೆಡ್ ಮಹಾಶಯನು ಕೊಕೇನಿನ ಪ್ರಯೋಗಗಳನ್ನು ತನ್ನ ಮೈಮೇಲೆಯೇ ಮಾಡಿಕೊಳ್ಳಹೋಗಿ ಅದರ ಚಟಕ್ಕೆ ಸಿಕ್ಕಿದ್ದನೆಂಬುದೂ, ಮುಂದೆ ಮಾರ್ಫಿನ್ನಿಗೆ ಅಂಟಿಕೊಂಡಿದ್ದನೆಂಬುದೂ ವೈದ್ಯಚರಿತ್ರೆಯಲ್ಲಿ ದಾಖಲಾಗಿರುವ ಸಂಗತಿ. ಮಹಾಪ್ರತಿಭೆಯುಳ್ಳವನನ್ನು ನಿಂದಿಸಲು ಇದನ್ನು ಹೇಳುತ್ತಿಲ್ಲ. ಪರಂಪರೆಯೆಂದು ನಾವು ತಲೆಬಾಗುವ ಕ್ರಮವನ್ನು ಯಾರು, ಯಾವ ಸ್ಥಿತಿಯಲ್ಲಿ ಕಟ್ಟಿದರೆಂಬುದನ್ನು ಅರಿತು ತಲೆಬಾಗುವುದು ವಿವೇಕ.

ದೀರ್ಘಕಾಲದ ದುಡಿಮೆಯನ್ನು ಸಮರ್ಥಿಸುವ ಹಿರಿಯ ವೈದ್ಯರ ಮಾತನ್ನು ಅಲ್ಲಗಳೆಯುವುದು ಸುಲಭವಲ್ಲ. ಅವರು ಹೇಳುವುದೇನೆಂದರೆ, ಜ್ವರವು ಏರುವುದನ್ನು ಒಬ್ಬನೂ ಇಳಿಯುವುದನ್ನು ಮತ್ತೊಬ್ಬನೂ ನೋಡಿದರೆ ಜ್ವರವನ್ನು ಇಬ್ಬರೂ ನೋಡಿದಂತಾಗುವುದಿಲ್ಲ. ಸಂಜೆ ಹೊಟ್ಟೆನೋವೆಂದು ಬಂದವನ ಹೊಟ್ಟೆಯು ನಡುರಾತ್ರಿಗೆ ಹೇಗೆ ಬಿಗಿಯುತ್ತದೆ, ಬೆಳಗಿನ ಜಾವಕ್ಕೆ ನಾಡಿಯು ಹೇಗೆ ಓಡುತ್ತದೆ, ಶಸ್ತ್ರಕ್ರಿಯೆಯಾದ ಮೇಲೆ ಮಾರನೆಯ ಸಂಜೆಗೆ ಮುಖವು ಹೇಗೆ ತಿಳಿಯಾಗುತ್ತದೆ ಎಂಬುದನ್ನು ಆದ್ಯಂತವಾಗಿ ಕಂಡ ಕಣ್ಣು ಮತ್ತೆ ಎಂದೂ ಮೋಸಹೋಗದು. ಪುಸ್ತಕದಲ್ಲಿ ಈ ವಿದ್ಯೆ ದೊರೆಯುವುದಿಲ್ಲ. ಇನ್ನು ರೋಗಿಯಾದರೋ, ಒಂದೇ ಮುಖವನ್ನು ಕಂಡು ನೆಚ್ಚುವನು. ದಿನಕ್ಕೆ ಮೂರು ಮುಖಗಳು ಬಂದು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರೆ, ತಾನು ಯಾರವನೆಂಬುದೇ ಅವನಿಗೆ ತೋಚದಂತಾಗುವುದು. ನಾನು ಅಣ್ಣನವರ ಮಂಚದ ಬಳಿ ಕುಳಿತು ಇದನ್ನು ಅನುಭವಿಸಿದ್ದೇನೆ.

ಈ ಹಿರಿಯರು ತಮ್ಮ ಪಕ್ಷಕ್ಕೆ ನುಲಿಯ ಚಂದಯ್ಯನವರ ಚರಿತೆಯನ್ನು ಎತ್ತಿ ಹೇಳುತ್ತಾರೆ. ಹುಲ್ಲು ಕೊಯ್ಯುತ್ತಿರುವಾಗ ಕೊರಳಿನ ಇಷ್ಟಲಿಂಗವು ಜಾರಿಬಿದ್ದರೂ ಚಂದಯ್ಯನವರು ಕಾಯಕವನ್ನು ನಿಲ್ಲಿಸಲಿಲ್ಲವೆಂಬ ಕಥೆ ತಮಗೆಲ್ಲ ತಿಳಿದುದೇ. ಲಿಂಗಕ್ಕಾಗಿಯೂ ನಿಲ್ಲದ ಕಾಯಕವು ನಿದ್ರೆಗಾಗಿ ನಿಲ್ಲಬಹುದೇ ಎಂಬುದು ಅವರ ಪ್ರಶ್ನೆ. ಮೇಲ್ನೋಟಕ್ಕೆ ಬಲವಾದ ಯುಕ್ತಿಯೇ ಸರಿ. ಇದಕ್ಕೆ ನನಗೆ ತೋರಿದ ಉತ್ತರವನ್ನು ಹೇಳುವ ಮೊದಲು ಇನ್ನೊಂದು ಪ್ರಸಂಗವನ್ನು ತಮ್ಮ ಮುಂದಿಡಬೇಕು. ನನ್ನ ಮನಸ್ಸು ತಿರುಗಿದುದು ಅದರಿಂದಲೇ.

ನಮ್ಮ ಉಚಿತ ಪ್ರಸಾದನಿಲಯದಲ್ಲಿದ್ದು ಓದಿದ ಬಡ ಒಕ್ಕಲು ಮನೆಯ ಹುಡುಗನೊಬ್ಬನಿದ್ದನು. ಸಂಜೆಯ ಹೊತ್ತು ನನ್ನ ಬಳಿ ಅಮರಕೋಶವನ್ನು ಕಂಠಪಾಠ ಮಾಡುತ್ತಿದ್ದನು; ಒಮ್ಮೆ ಒಪ್ಪಿಸಿದುದನ್ನು ಮರೆಯುತ್ತಿರಲಿಲ್ಲ. ಅವನು ವೈದ್ಯನಾಗಿ, ದೂರದ ಒಂದು ಆಸ್ಪತ್ರೆಯಲ್ಲಿ ಹೆಚ್ಚಿನ ವ್ಯಾಸಂಗಕ್ಕೆ ನಿಂತನು. ಒಂದು ದಿನ ಮೂವತ್ತಾರು ಗಂಟೆಗಳ ಸತತ ದುಡಿಮೆಯನ್ನು ಮುಗಿಸಿ ಮೋಟಾರು ಸೈಕಲ್ಲಿನಲ್ಲಿ ಬಿಡಾರಕ್ಕೆ ಹೊರಟವನು ದಾರಿಯಲ್ಲಿ ನಿದ್ದೆಹೋಗಿ ಹುಣಸೆಯ ಮರಕ್ಕೆ ಅಪ್ಪಳಿಸಿದನು. ತೊಡೆಯ ಎಲುಬು ಮುರಿಯಿತು, ಇಂದಿಗೂ ಕುಂಟುತ್ತಾನೆ. ಅವನನ್ನು ಕಾಣಲು ಹೋದಾಗ ನಾನು ಲೋಕಾಭಿರಾಮವಾಗಿ, ಮರವು ಕಣ್ಣಿಗೆ ಬೀಳಲಿಲ್ಲವೇನಪ್ಪ ಎಂದು ಕೇಳಿದೆನು. ಅವನು ಹೇಳಿದುದು ಇದು: “ಗುರುಗಳೇ, ಮರ ನೆನಪಿಲ್ಲ. ಅದಕ್ಕೆ ನಾನು ಹೆದರುವುದಿಲ್ಲ. ಅಂದು ಬೆಳಗಿನ ಜಾವ ಹದಿನಾಲ್ಕು ಮಂದಿಗೆ ಔಷಧ ಬರೆದುಕೊಟ್ಟೆ. ಏನು ಬರೆದೆನೆಂಬುದೂ ನೆನಪಿಲ್ಲ.” ಅಮರಕೋಶದ ಮೂರು ಕಾಂಡಗಳನ್ನೂ ಬಾಯಲ್ಲಿಟ್ಟುಕೊಂಡಿದ್ದ ಹುಡುಗನು ಆಡಿದ ಮಾತಿದು.

ನಿದ್ರಾಹೀನತೆಯು ಬುದ್ಧಿಯನ್ನು ಏನು ಮಾಡುವುದೆಂಬುದನ್ನು ಪಾಶ್ಚಾತ್ಯ ವಿದ್ವಾಂಸರು ಅಳೆದು ನೋಡಿರುವರು. ೧೯೯೭ನೆಯ ಇಸವಿಯಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹದಿನೇಳು ಗಂಟೆ ಎಚ್ಚರವಾಗಿದ್ದವರ ಕೈಚಳಕವು ನೂರು ಮಿಲಿಲೀಟರ್ ರಕ್ತದಲ್ಲಿ ೫೦ ಮಿಲಿಗ್ರಾಂ ಮದ್ಯಸಾರವಿದ್ದವರ ಮಟ್ಟಕ್ಕೆ ಇಳಿದುದೂ, ಇಪ್ಪತ್ತನಾಲ್ಕು ಗಂಟೆ ಎಚ್ಚರವಾಗಿದ್ದಾಗ ೧೦೦ ಮಿಲಿಗ್ರಾಮಿನವರ ಮಟ್ಟವನ್ನು ಮುಟ್ಟಿದುದೂ ಕಂಡುಬಂದಿತು. ನಮ್ಮ ದೇಶದ ಮೋಟಾರು ಕಾನೂನಿನಲ್ಲಿ ೩೦ ಮಿಲಿಗ್ರಾಮಿಗೆ ಮೀರಿದರೆ ಅಪರಾಧ. ಕುಡಿದವನನ್ನು ಗಾಡಿ ನಡೆಸಗೊಡದ ನಾವು, ಅಂತಹುದೇ ಸ್ಥಿತಿಯಲ್ಲಿರುವವನ ಕೈಗೆ ಸೂಜಿಯನ್ನೂ ಕತ್ತಿಯನ್ನೂ ಕೊಡುತ್ತೇವೆ. ಕುಡಿದವನು ತಾನೇ ಬೇಡಿ ಕುಡಿದನು. ಇವನಿಗೆ ನಾವು ಕುಡಿಸಿದ್ದೇವೆ. ಅಮೆರಿಕದಲ್ಲಿ ಹೊಸ ವೈದ್ಯರನ್ನು ಕುರಿತು ೨೦೦೫ರಲ್ಲಿ ಪ್ರಕಟವಾದ ಮತ್ತೊಂದು ವಿಚಾರಣೆಯಲ್ಲಿ, ಇಪ್ಪತ್ತನಾಲ್ಕು ಗಂಟೆಗೂ ಮಿಕ್ಕ ದುಡಿಮೆಯ ನಂತರ ಮನೆಗೆ ಹೊರಟವರು ದಾರಿಯಲ್ಲಿ ಅಪಘಾತಕ್ಕೆ ಸಿಕ್ಕುವ ಸಂಭವವು ಇಮ್ಮಡಿಗಿಂತಲೂ ಹೆಚ್ಚೆಂದು ತಿಳಿದುಬಂದಿತು. ನನ್ನ ಶಿಷ್ಯನ ಹುಣಸೆಯ ಮರವು ಅವನೊಬ್ಬನ ಹಣೆಬರಹವಲ್ಲವೆಂದು ನನಗೆ ಆಗ ಅರ್ಥವಾಯಿತು.

ನಮ್ಮ ಪ್ರಾಚೀನರಿಗೂ ಇದು ಹೊಸದಲ್ಲ. ಆಹಾರ, ನಿದ್ರೆ, ಬ್ರಹ್ಮಚರ್ಯ ಈ ಮೂರನ್ನು ಶರೀರದ ಮನೆಗೆ ಊರುಗೋಲುಗಳೆಂದು ಚರಕಾಚಾರ್ಯರು ಹೇಳಿರುವರು. ರಾತ್ರಿ ಎಚ್ಚರವಿರಬೇಕಾಗಿ ಬಂದವನು ಅದರ ಅರ್ಧಕಾಲವನ್ನು ಮುಂಜಾನೆ ಉಣ್ಣದೆಯೇ ಮಲಗಿ ಕಳೆಯಬೇಕೆಂದು ವಾಗ್ಭಟನು ವಿಧಿಸಿರುವನು. ಹುಡುಗನಾಗಿ ಇದನ್ನು ಓದಿದಾಗ, ರಾತ್ರಿಯೆಲ್ಲ ಯಾರು ಎಚ್ಚರವಿರುತ್ತಾರೆ, ಕಳ್ಳರೋ ಕಾವಲಿನವರೋ ಎಂದು ನಾವು ನಗುತ್ತಿದ್ದೆವು. ವೈದ್ಯನಿಗಾಗಿಯೇ ಬರೆದಂತಿದೆಯೆಂದು ಈಗ ತೋರುತ್ತದೆ.

ಈ ವಿಚಾರಕ್ಕೆ ಲೋಕದಲ್ಲಿ ಮೊದಲು ಕಿಡಿ ಹೊತ್ತಿಸಿದುದು ಒಬ್ಬ ಹೆಣ್ಣುಮಗಳ ಸಾವು. ನ್ಯೂಯಾರ್ಕ್ ನಗರದಲ್ಲಿ ೧೯೮೪ನೆಯ ಇಸವಿಯ ಮಾರ್ಚ್ ೪ನೆಯ ತಾರೀಖಿನ ರಾತ್ರಿ ಲಿಬ್ಬಿ ಜಯಾನ್ ಎಂಬ ಹದಿನೆಂಟು ವರ್ಷದ ಹುಡುಗಿಯನ್ನು ಜ್ವರದಿಂದ ಆಸ್ಪತ್ರೆಗೆ ಸೇರಿಸಿದರು. ಅವಳು ಮನಸ್ಸಿನ ಬೇಗೆಗಾಗಿ ಒಂದು ಔಷಧವನ್ನು ಮೊದಲೇ ಸೇವಿಸುತ್ತಿದ್ದಳು. ಅದರೊಡನೆ ಕೂಡಬಾರದ ಪೆಥಿಡೀನ್ ಎಂಬ ಔಷಧವನ್ನು ಅಲ್ಲಿ ಕೊಟ್ಟರು. ನೋಡಿಕೊಳ್ಳುತ್ತಿದ್ದ ಕಿರಿಯ ವೈದ್ಯರು ಬಹಳ ಹೊತ್ತಿನಿಂದ ದುಡಿಯುತ್ತಿದ್ದವರು. ಹೊಸಬಳಾದ ವೈದ್ಯೆಯೊಬ್ಬಳ ಪಾಲಿಗೆ ಆ ರಾತ್ರಿ ನಲವತ್ತರಷ್ಟು ರೋಗಿಗಳಿದ್ದರು. ಬೆಳಗಾಗುವಷ್ಟರಲ್ಲಿ ಹುಡುಗಿ ತೀರಿಕೊಂಡಳು. ತಂದೆಯಾದ ಸಿಡ್ನಿ ಜಯಾನ್ ಎಂಬವನು ಪತ್ರಕರ್ತನೂ ನ್ಯಾಯವಾದಿಯೂ ಆಗಿದ್ದುದರಿಂದ ಸುಮ್ಮನಿರಲಿಲ್ಲ. ೧೯೮೬ರಲ್ಲಿ ಪಂಚರ ಮಂಡಲಿಯೊಂದು ವಿಚಾರಿಸಿ, ಆ ವೈದ್ಯರ ಮೇಲೆ ಕೊಲೆಯ ಆರೋಪವನ್ನು ಹೊರಿಸದೆ, ಅವರನ್ನು ಹಾಗೆ ದುಡಿಸಿದ ಪದ್ಧತಿಯನ್ನೇ ಖಂಡಿಸಿತು. ಈ ವಿವೇಕವನ್ನು ನಾನು ಬಹಳ ಮೆಚ್ಚುತ್ತೇನೆ. ೧೯೮೯ರಿಂದ ನ್ಯೂಯಾರ್ಕ್ ಸಂಸ್ಥಾನದಲ್ಲಿ ವಾರಕ್ಕೆ ೮೦ ಗಂಟೆಗೂ ಒಂದೇ ಸಮನೆ ೨೪ ಗಂಟೆಗೂ ಮೀರಿ ದುಡಿಸಬಾರದೆಂಬ ನಿಯಮ ಬಂದಿತು; ೨೦೦೩ರಲ್ಲಿ ವಾರಕ್ಕೆ ೮೦ ಗಂಟೆಗಳ ಮಿತಿಯು ಆ ದೇಶಕ್ಕೆಲ್ಲ ಹರಡಿತು. ಯುರೋಪು ಖಂಡದಲ್ಲಿ ಇನ್ನೂ ಕಟ್ಟುನಿಟ್ಟು. ಇಂಗ್ಲೆಂಡಿನ ಕಿರಿಯ ವೈದ್ಯರಿಗೆ ೨೦೦೯ರಿಂದ ಸರಾಸರಿ ವಾರಕ್ಕೆ ೪೮ ಗಂಟೆ.

ನಮ್ಮಲ್ಲಿ ನಿಯಮವಿಲ್ಲವೆಂದು ತಿಳಿಯಬೇಡಿ. ೧೯೯೨ನೆಯ ಇಸವಿಯಲ್ಲಿಯೇ ಕೇಂದ್ರ ಸರ್ಕಾರವು, ಕಿರಿಯ ವೈದ್ಯರ ಸತತ ದುಡಿಮೆಯು ಸಾಮಾನ್ಯವಾಗಿ ೧೨ ಗಂಟೆಗೂ, ವಾರದ ದುಡಿಮೆಯು ೪೮ ಗಂಟೆಗೂ ಮೀರಬಾರದೆಂದು ಆಜ್ಞೆ ಹೊರಡಿಸಿತ್ತು. ಆ ಆಜ್ಞೆಯು ಕಪಾಟಿನಲ್ಲಿ ಸುಖವಾಗಿ ನಿದ್ರಿಸಿತು, ವೈದ್ಯರು ಎಚ್ಚರವಾಗಿದ್ದರು. ಮೂವತ್ತೆರಡು ವರ್ಷಗಳ ಮೇಲೆ, ೨೦೨೪ರ ಆಗಸ್ಟಿನಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯು ವಾರಕ್ಕೆ ೭೪ ಗಂಟೆಗೆ ಮೀರದಂತೆಯೂ, ವಾರದಲ್ಲಿ ಒಂದು ದಿನ ಬಿಡುವಿರುವಂತೆಯೂ ಮಾಡಬೇಕೆಂದು ಶಿಫಾರಸು ಮಾಡಿತು. ನಲವತ್ತೆಂಟು ಎಪ್ಪತ್ತನಾಲ್ಕಾದುದನ್ನು ಮುನ್ನಡೆಯೆನ್ನಬೇಕೋ ಹಿನ್ನಡೆಯೆನ್ನಬೇಕೋ ತಾವೇ ಹೇಳಿ. ಅದೇ ಆಗಸ್ಟಿನ ೯ನೆಯ ತಾರೀಖು ಕೋಲ್ಕತ್ತದ ಆಸ್ಪತ್ರೆಯೊಂದರಲ್ಲಿ, ದೀರ್ಘವಾದ ದುಡಿಮೆಯ ನಡುವೆ ಮಲಗಲು ಬೇರೆ ಕೊಠಡಿಯಿಲ್ಲದೆ ಉಪನ್ಯಾಸದ ಕೋಣೆಯಲ್ಲಿ ಒರಗಿದ್ದ ತರುಣ ವೈದ್ಯೆಗೆ ಆದ ದುರ್ಗತಿಯನ್ನು ಈ ಸಭೆಯಲ್ಲಿ ವಿವರಿಸಲಾರೆ. ತಮ್ಮ ಮನೆಗಳಲ್ಲಿಯೂ ವೈದ್ಯಶಾಸ್ತ್ರವನ್ನು ಓದುವ ಹೆಣ್ಣುಮಕ್ಕಳಿದ್ದಾರೆ.

ಹಾಗಾದರೆ ಗಂಟೆಗಳನ್ನು ಕತ್ತರಿಸಿದೊಡನೆ ಎಲ್ಲವೂ ನೆಟ್ಟಗಾಯಿತೇ? ಇಲ್ಲ. ಇಲ್ಲಿ ನನ್ನ ಹಳೆಯ ಸಿಟ್ಟಿನಲ್ಲಿದ್ದ ಸತ್ಯವು ಹೊರಬೀಳುತ್ತದೆ. ೨೦೦೪ರಲ್ಲಿ ಬಾಸ್ಟನ್ ನಗರದ ಒಂದು ಆಸ್ಪತ್ರೆಯ ತೀವ್ರನಿಗಾ ವಿಭಾಗಗಳಲ್ಲಿ ನೋಡಿದಾಗ, ದೀರ್ಘ ದುಡಿಮೆಯ ಹೊಸ ವೈದ್ಯರು ಮಿತವಾದ ದುಡಿಮೆಯವರಿಗಿಂತ ನೂರಕ್ಕೆ ಮೂವತ್ತಾರರಷ್ಟು ಹೆಚ್ಚು ಗಂಭೀರ ತಪ್ಪುಗಳನ್ನು ಮಾಡಿದ್ದರು. ಇದು ಪಾಳಿಗೆ ಅನುಕೂಲವಾದ ಸಾಕ್ಷಿ. ಆದರೆ ೨೦೨೦ರಲ್ಲಿ ಆರು ಆಸ್ಪತ್ರೆಗಳ ಮಕ್ಕಳ ತೀವ್ರನಿಗಾ ವಿಭಾಗಗಳಿಂದ ಬಂದ ವರದಿಯು ಎಲ್ಲರನ್ನೂ ಬೆರಗುಗೊಳಿಸಿತು: ಅಲ್ಲಿ ಹದಿನಾರು ಗಂಟೆಗೆ ಮೀರದ ಪಾಳಿಯಲ್ಲಿಯೇ ತಪ್ಪುಗಳು ಹೆಚ್ಚಾಗಿದ್ದವು. ಕಾರಣವೇನೆಂದು ಹುಡುಕಿದಾಗ, ದೀರ್ಘ ದುಡಿಮೆಯಲ್ಲಿ ಒಬ್ಬ ವೈದ್ಯನ ಪಾಲಿಗೆ ಸರಾಸರಿ ೬.೭ ರೋಗಿಗಳಿದ್ದರೆ, ಪಾಳಿಯಲ್ಲಿ ೮.೮ ಆಗಿದ್ದುದು ಕಂಡುಬಂದಿತು. ಗಂಟೆಗಳನ್ನು ಕಡಿಮೆ ಮಾಡಿದವರು ಕೈಗಳನ್ನು ಹೆಚ್ಚಿಸಲಿಲ್ಲ. ಅಮೆರಿಕದವರೇ ಹೊಸ ವೈದ್ಯರಿಗೆಂದು ೨೦೧೧ರಲ್ಲಿ ವಿಧಿಸಿದ್ದ ಹದಿನಾರು ಗಂಟೆಯ ಮಿತಿಯನ್ನು ೨೦೧೭ರಲ್ಲಿ ತೆಗೆದುಹಾಕಿ, ಮತ್ತೆ ೨೪ ಗಂಟೆಗೆ ಏರಿಸಿ, ರೋಗಿಗಳನ್ನು ಒಪ್ಪಿಸುವುದಕ್ಕೆಂದು ಇನ್ನು ನಾಲ್ಕು ಗಂಟೆಗಳಿಗೂ ಅವಕಾಶ ಕೊಟ್ಟರು. ನಮ್ಮ ಮಂಡಲಿಯ ಹಿರಿಯರು ಇದನ್ನೇ ತೋರಿಸಿ, ನೋಡಿರಿ, ಅವರೇ ಹಿಂದಿರುಗಿದರು ಎನ್ನುತ್ತಾರೆ. ಆಳು ಸಾಲದ ಪಾಳಿಯು ಸೋತುದನ್ನು ಕಂಡು ಪಾಳಿಯೇ ಸೋತಿತೆನ್ನುವುದು ನ್ಯಾಯಶಾಸ್ತ್ರಕ್ಕೆ ಒಪ್ಪುವ ಅನುಮಾನವಲ್ಲ.

ಲೆಕ್ಕವನ್ನು ನೇರವಾಗಿಯೇ ನೋಡೋಣ. ಏಳು ದಿನಗಳಿಗೆ ೧೬೮ ಗಂಟೆಗಳು. ಒಬ್ಬ ವೈದ್ಯನು ಹಗಲಿರುಳೂ ಇರಲೇಬೇಕಾದ ಒಂದು ಸ್ಥಾನವನ್ನು, ಒಬ್ಬೊಬ್ಬರು ೪೮ ಗಂಟೆ ದುಡಿದು ತುಂಬಬೇಕಾದರೆ ಮೂವರೂವರೆ ಜನ ಬೇಕು; ರಜೆ, ಕಾಯಿಲೆ, ಪರೀಕ್ಷೆಗಳನ್ನು ಎಣಿಸಿದರೆ ನಾಲ್ವರು. ನಮ್ಮ ಆಸ್ಪತ್ರೆಯಲ್ಲಿ ಇಬ್ಬರಿಂದ ನಡೆಸುತ್ತಿದ್ದೇವೆ. ಇನ್ನಿಬ್ಬರ ಸಂಬಳವನ್ನು ಉಳಿಸಿದವರು ಯಾರು? ಆ ಹುಡುಗರೂ ಅಲ್ಲ, ರೋಗಿಗಳೂ ಅಲ್ಲ. ನಾವು, ಅಂದರೆ ಶ್ರೀಮಠದ ಆಡಳಿತದವರು. ಇದನ್ನು ಹೇಳಲು ನನ್ನ ನಾಲಗೆ ಹಿಂಜರಿಯಿತು. ಶ್ರೀಗಳವರು ಹಸ್ತಪ್ರತಿಯನ್ನು ನೋಡಿ, ಇರಲಿ, ಓದಿರಿ ಎಂದರು.

ಇಲ್ಲಿಯೇ ನನಗೆ ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ನೆನಪಾಗುವುದು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ತಂದಾಗ, ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದರು. ನಾವು ಈ ಕಥೆಯನ್ನು ಧನದ ಆಸೆಗೆ ಮಾತ್ರ ಅನ್ವಯಿಸುತ್ತ ಬಂದಿದ್ದೇವೆ. ದುಡಿಮೆಗೂ ಅನ್ವಯಿಸಬೇಕು. ಮತ್ತೊಬ್ಬನ ಶರೀರದಿಂದ ನಮಗೆ ಸಲ್ಲುವುದಕ್ಕಿಂತ ಹೆಚ್ಚಾಗಿ ಆಯ್ದುಕೊಂಡ ಗಂಟೆಗಳೂ ಲಕ್ಕಮ್ಮನವರ ಕಣ್ಣಿಗೆ ಹೆಚ್ಚಿನ ಅಕ್ಕಿಯೇ ಆಗುತ್ತಿದ್ದವು. ಚಂದಯ್ಯನವರ ಕಥೆಯು ಪೂಜೆಯ ಹೆಸರಿನಲ್ಲಿ ಕಾಯಕವನ್ನು ಬಿಡಬೇಡವೆನ್ನುವುದೇ ಹೊರತು, ಕತ್ತಲಲ್ಲಿ ಕಣ್ಣು ಮುಚ್ಚಿಕೊಂಡು ಹುಲ್ಲು ಕೊಯ್ಯೆಂದು ಹೇಳುವುದಿಲ್ಲ. ಅವರ ಕುಡುಗೋಲು ತಪ್ಪಿದ್ದರೆ ಅವರ ಕೈಗೇ ತಗಲುತ್ತಿತ್ತು; ವೈದ್ಯನದು ತಪ್ಪಿದರೆ ಪರರ ಪ್ರಾಣಕ್ಕೆ ತಗಲುವುದು. ಕಾಯದಿಂದ ನಡೆಯತಕ್ಕದ್ದು ಕಾಯಕ. ಕಾಯವನ್ನು ಶಿವನ ನೆಲೆಯೆಂದು ತಿಳಿದ ಶರಣರು, ಅದನ್ನು ಕೆಡಿಸಿ ಮಾಡುವ ಕೆಲಸಕ್ಕೆ ಆ ಹೆಸರನ್ನು ಕೊಡುತ್ತಿದ್ದರೆಂದು ನನಗೆ ತೋರುವುದಿಲ್ಲ. ಆ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವೈದ್ಯನೂ ಇದ್ದನೆಂಬುದು ನೆನಪಿರಲಿ.

ಇನ್ನು ನನ್ನ ಅಣ್ಣನವರ ಪ್ರಸಂಗಕ್ಕೆ ಬರುತ್ತೇನೆ. ಅಲ್ಲಿ ತಪ್ಪಿದುದು ಪಾಳಿಯಲ್ಲ. ಪಾಳಿಯಿಂದ ಪಾಳಿಗೆ ರೋಗಿಯನ್ನು ಒಪ್ಪಿಸುವ ಕ್ರಮ. ನಮ್ಮ ಕನ್ನಡದಲ್ಲಿ ಒಪ್ಪಿಸುವುದು ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ವಸ್ತುವನ್ನು ಇನ್ನೊಬ್ಬರ ಕೈಗೆ ಕೊಡುವುದೂ ಒಪ್ಪಿಸುವುದೇ. ಕಲಿತ ಪಾಠವನ್ನು ಗುರುವಿನ ಮುಂದೆ ತಿರುಗಿ ಹೇಳುವುದೂ ಒಪ್ಪಿಸುವುದೇ. ಆಸ್ಪತ್ರೆಗೆ ಈ ಎರಡೂ ಅರ್ಥಗಳು ಕೂಡಿಯೇ ಬೇಕು. ೨೦೧೪ರಲ್ಲಿ ಉತ್ತರ ಅಮೆರಿಕದ ಒಂಬತ್ತು ಆಸ್ಪತ್ರೆಗಳಲ್ಲಿ ಮಾಡಿದ ಪ್ರಯೋಗವು ಇದನ್ನೇ ತೋರಿಸಿದೆ. ಪಾಳಿ ಮುಗಿಸುವ ವೈದ್ಯನು ಪ್ರತಿಯೊಬ್ಬ ರೋಗಿಯ ವಿಷಯದಲ್ಲಿಯೂ ಇವನ ಸ್ಥಿತಿ ಎಷ್ಟು ಕಠಿಣ, ಇದುವರೆಗೆ ಆದುದೇನು, ಇನ್ನು ಮಾಡಬೇಕಾದುದೇನು, ಕೆಟ್ಟರೆ ಏನು ಕೆಡಬಹುದು, ಆಗ ಏನು ಮಾಡಬೇಕು ಎಂಬುದನ್ನು ಇದೇ ಕ್ರಮದಲ್ಲಿ ಹೇಳಬೇಕು. ಕೇಳಿದವನು ಅದನ್ನು ತನ್ನ ಬಾಯಿಂದ ತಿರುಗಿ ಹೇಳಬೇಕು. ಇಷ್ಟನ್ನು ಕಲಿಸಿದುದರಿಂದಲೇ ತಪ್ಪುಗಳು ನೂರಕ್ಕೆ ೨೩ರಷ್ಟೂ, ತಪ್ಪಿಸಬಹುದಾಗಿದ್ದ ಹಾನಿಗಳು ೩೦ರಷ್ಟೂ ಇಳಿದವು. ಪಾಠಶಾಲೆಯಲ್ಲಿ ಸಂಥೆ ಹೇಳಿಸಿಕೊಂಡವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಗುರುಗಳು ಹೇಳುವರು, ಶಿಷ್ಯನು ತಿರುಗಿ ಹೇಳುವನು. ಸ್ವರ ತಪ್ಪಿದರೆ ಅಲ್ಲಿಯೇ ತಿದ್ದುವರು. ಅಂದು ಬಾಗಿಲಲ್ಲಿ ಎದುರಾದ ಆ ಇಬ್ಬರು ತರುಣರಲ್ಲಿ ಎರಡನೆಯವನು, ‘ಈ ಔಷಧವನ್ನು ಇನ್ನು ಕೊಡಬಾರದು’ ಎಂದು ಒಂದು ಸಲ ತಿರುಗಿ ಹೇಳಿದ್ದರೆ ಸಾಕಾಗಿತ್ತು. ಮೊದಲನೆಯವನು ಮೂವತ್ತಾರು ಗಂಟೆ ನಿಂತಿರಬೇಕಾಗಿರಲಿಲ್ಲ.

ಆದುದರಿಂದ ಪಾಳಿಯ ಪದ್ಧತಿಯನ್ನು ಅಂಗೀಕರಿಸಬೇಕೆಂಬುದು ನನ್ನ ಬಿನ್ನಹ. ಆದರೆ ಬರಿಯ ಪಾಳಿಯನ್ನಲ್ಲ. ಒಂದು ಪಾಳಿಯು ಇನ್ನೊಂದರ ಮೇಲೆ ಅರ್ಧಗಂಟೆ ಮಡಿಸಿ ಬೀಳಬೇಕು. ಆ ಅರ್ಧಗಂಟೆಗೂ ಸಂಬಳ ಸಲ್ಲಬೇಕು. ಇಬ್ಬರು ವೈದ್ಯರೂ ದಾದಿಯೂ ಮಂಚದಿಂದ ಮಂಚಕ್ಕೆ ಹೋಗಿ ರೋಗಿಯ ಎದುರಿನಲ್ಲಿಯೇ ಒಪ್ಪಿಸಬೇಕು. ಶಸ್ತ್ರಕ್ರಿಯೆಯ ನಡುವೆ ಗಂಟೆ ಹೊಡೆಯಿತೆಂದು ಯಾರೂ ಕೈ ತೊಳೆಯಬಾರದು. ಹಾಗೆ ಉಳಿದವನಿಗೆ ಮರುದಿನ ಅಷ್ಟು ಹೊತ್ತು ಬಿಡುವು ದೊರೆಯಬೇಕು. ಹಿರಿಯರು ಹೇಳುವ ಆದ್ಯಂತ ದರ್ಶನಕ್ಕಾಗಿ, ಒಂದೇ ತಂಡಕ್ಕೆ ಒಂದೇ ರೋಗಿಗಳನ್ನು ವಾರವಿಡೀ ವಹಿಸಿದರೆ, ರಾತ್ರಿ ಬಿಟ್ಟುಹೋದವನು ಮರುದಿನ ಅದೇ ಮುಖವನ್ನು ನೋಡುವನು.

ರಾತ್ರಿಪಾಳಿಯ ಕೇಡನ್ನೂ ಮರೆಮಾಚಬಾರದು. ಶರೀರದೊಳಗೆ ಹಗಲಿರುಳುಗಳನ್ನು ಎಣಿಸುವ ಗಡಿಯಾರವೊಂದಿದೆ. ಅದರ ಮೂಲವನ್ನು ಕಂಡುಹಿಡಿದ ಮೂವರಿಗೆ ೨೦೧೭ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಬೆಳಗಿನ ಜಾವ ಮೂರರಿಂದ ಐ‌ದು ಗಂಟೆಯ ಸುಮಾರಿಗೆ ಎಂತಹವನ ಬುದ್ಧಿಯೂ ಮಂಕಾಗುವುದು. ವರ್ಷಾನುಗಟ್ಟಲೆ ರಾತ್ರಿ ದುಡಿಯುವುದನ್ನು ಅರ್ಬುದಕ್ಕೆ ಬಹುಶಃ ಕಾರಣವಾಗತಕ್ಕುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ವಿಭಾಗವು ೨೦೦೭ರಲ್ಲಿ ಹೇಳಿ, ೨೦೧೯ರಲ್ಲಿ ಮತ್ತೆ ಅದನ್ನೇ ಹೇಳಿದೆ. ಆದ್ದರಿಂದ ಒಬ್ಬರನ್ನೇ ತಿಂಗಳುಗಟ್ಟಲೆ ರಾತ್ರಿಗೆ ಹಾಕಕೂಡದು. ಪಾಳಿಯು ಹಗಲಿನಿಂದ ಸಂಜೆಗೆ, ಸಂಜೆಯಿಂದ ರಾತ್ರಿಗೆ ಮುಂದುಮುಂದಕ್ಕೆ ಸರಿಯಬೇಕೇ ಹೊರತು ಹಿಂದುಹಿಂದಕ್ಕೆ ಸರಿಯಬಾರದೆಂದು ನಮ್ಮ ವೈದ್ಯರು ಹೇಳುತ್ತಾರೆ. ಜಾತ್ರೆಯ ದಾಸೋಹದಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲುವವರನ್ನು ನಾವು ಜಾವಜಾವಕ್ಕೆ ಬದಲಾಯಿಸುವುದಿಲ್ಲವೇ? ಅನ್ನ ಸೀಯಬಾರದೆಂದು ತೋರಿಸುವ ಎಚ್ಚರವನ್ನು ಆಸ್ಪತ್ರೆಯಲ್ಲಿಯೂ ತೋರಿಸಬೇಕಷ್ಟೆ.

ಕೊನೆಯದಾಗಿ ಭಕ್ತಾದಿಗಳಲ್ಲಿ ಎರಡು ವಿಜ್ಞಾಪನೆಗಳಿವೆ. ತಮ್ಮವರು ಆಸ್ಪತ್ರೆಯಲ್ಲಿ ಮಲಗಿರುವಾಗ ಪಾಳಿ ಮುಗಿಸಿ ಹೊರಟ ವೈದ್ಯನನ್ನು ಅಡ್ಡಗಟ್ಟಿ, ನಮ್ಮನ್ನು ಯಾರ ಕೈಗೆ ಬಿಟ್ಟು ಹೋಗುತ್ತೀರಿ ಎಂದು ಜಗಳ ತೆಗೆಯಬೇಡಿ. ಒಪ್ಪಿಸಿದಿರಾ ಎಂದು ಕೇಳಿರಿ. ಅದು ತಮ್ಮ ಹಕ್ಕು. ನಾನು ಅಂದು ಜಗಳ ತೆಗೆದೆನೇ ಹೊರತು, ಇದನ್ನು ಕೇಳಲಿಲ್ಲ.

ಎರಡನೆಯದು, ಮಹೋತ್ಸವದ ನೆನಪಿಗಾಗಿ ಆಸ್ಪತ್ರೆಯ ಮುಂದೆ ಅಮೃತಶಿಲೆಯ ಮಂಟಪವನ್ನು ಕಟ್ಟಿಸಬೇಕೆಂದು ಕೆಲವು ಸದ್ಭಕ್ತರು ಹಣವನ್ನು ಕೂಡಿಸಿರುವರು. ಶ್ರೀಗಳವರ ಸಮ್ಮತಿಯನ್ನು ಪಡೆದೇ ಈ ಮಾತನ್ನು ಹೇಳುತ್ತೇನೆ: ಆ ಹಣದಿಂದ ಕಿರಿಯ ವೈದ್ಯರಿಗೆ ಮಲಗುವ ಕೊಠಡಿಗಳಾಗಲಿ. ಹೆಣ್ಣುಮಕ್ಕಳಿಗೆ ಬೇರೆ, ಗಂಡುಮಕ್ಕಳಿಗೆ ಬೇರೆ. ಒಳಗಿನಿಂದ ಹಾಕಿಕೊಳ್ಳಬಹುದಾದ ಗಟ್ಟಿಯಾದ ಚಿಲಕ, ಹಗಲಿನ ಬೆಳಕು ಬೀಳದಂತೆ ದಪ್ಪನೆಯ ಪರದೆ, ವಾರ್ಡಿಗೆ ನೂರು ಹೆಜ್ಜೆಯೊಳಗಿನ ಜಾಗ. ಉಳಿದ ಹಣದಲ್ಲಿ ಇನ್ನಿಬ್ಬರು ವೈದ್ಯರ ಮೊದಲ ವರ್ಷದ ಸಂಬಳವು ಹೊರಡುವುದೆಂದು ಕಾರ್ಯದರ್ಶಿಗಳು ಲೆಕ್ಕ ಹಾಕಿ ತೋರಿಸಿರುವರು. ರಾತ್ರಿಯ ಪಾಳಿಯವರಿಗೆ ಹನ್ನೊಂದು ಗಂಟೆಯ ಮೇಲೆ ಈಗ ಬಿಸ್ಕತ್ತು, ಚಹಾ ಬಿಟ್ಟರೆ ಬೇರೇನೂ ಸಿಕ್ಕುವುದಿಲ್ಲ. ದಾಸೋಹದ ಒಲೆಯು ಹೇಗೂ ಆರುವುದಿಲ್ಲವಾದುದರಿಂದ, ನಾಳೆಯಿಂದ ರಾತ್ರಿ ಎರಡು ಗಂಟೆಗೆ ಬಿಸಿ ಅನ್ನ, ಸಾರು, ಮಜ್ಜಿಗೆಯನ್ನು ಆಸ್ಪತ್ರೆಗೆ ಕಳುಹಿಸುವುದಾಗಿ ಪ್ರಸಾದನಿಲಯದ ಅಡುಗೆಯ ಶರಣರು ಒಪ್ಪಿಕೊಂಡಿರುವರು. ಒಯ್ಯುವವರು ಯಾರೆಂಬುದು ಇನ್ನೂ ನಿಶ್ಚಯವಾಗಿಲ್ಲ. ಪಾಳಿಯ ಮೇಲೆ ಹೋಗಲು ಇಚ್ಛೆಯುಳ್ಳ ತರುಣರು ಸಭೆ ಮುಗಿದ ಮೇಲೆ ಕಾರ್ಯಾಲಯದಲ್ಲಿ ತಮ್ಮ ಹೆಸರುಗಳನ್ನು ಬರೆಸತಕ್ಕದ್ದು.